ಎಳೆಯ ವಯಸ್ಸಿನಲ್ಲಿ ಸ್ತನದ ಗಂಟು: ಅಲ್ಟ್ರಾಸೌಂಡ್ ಪರೀಕ್ಷೆಯ ಮೊದಲು, ನಡುವೆ, ನಂತರ

ಮೂವತ್ತು ದಾಟದ ಹೆಣ್ಣುಮಗಳ ಸ್ತನದಲ್ಲಿ ಗಂಟು ಕೈಗೆ ಸಿಕ್ಕಾಗ ಸುತ್ತಲಿನವರಿಂದ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಈ ವಯಸ್ಸಿಗೆ ಅದೆಲ್ಲ ಬರುವುದಿಲ್ಲ, ತಾನಾಗಿ ಕರಗುತ್ತದೆ’ ಎನ್ನುವವರು ಕೆಲವರು; ‘ತಡಮಾಡದೆ ತೆಗೆಸಿಬಿಡು’ ಎನ್ನುವವರು ಇನ್ನು ಕೆಲವರು. ಇಬ್ಬರೂ ಗಂಟಿನೊಳಗೆ ಏನಿದೆ ಎಂದು ನೋಡದೆ ಮಾತನಾಡಿದವರೇ. ಈ ವಯಸ್ಸಿನ ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ ಎಂಬುದು ನಿಜ. ಆದರೂ ಇಪ್ಪತ್ತರ ಹರೆಯದಲ್ಲಿ ಸ್ತನ ಕ್ಯಾನ್ಸರ್ ಅಪರೂಪಕ್ಕೆ ಬರುತ್ತದೆ; ಬಂದಾಗ ‘ವಯಸ್ಸು ಚಿಕ್ಕದು’ ಎಂಬ ಸಮಾಧಾನದಲ್ಲಿಯೇ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ನೋವಿಲ್ಲದ, ವಿಕಿರಣವಿಲ್ಲದ, ಅರ್ಧ ಗಂಟೆಯೊಳಗೆ ಮುಗಿಯುವ ಅಲ್ಟ್ರಾಸೌಂಡ್ ಪರೀಕ್ಷೆ ಇರುವಾಗ ಊಹೆಯ ಮೇಲೆ ದಿನ ದೂಡುವ ಅಗತ್ಯವಿಲ್ಲ.

ಸ್ಕ್ಯಾನ್ ಮಾಡಿಸಿದ್ದಾಯಿತು ಎಂದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಬೆರಳಿಗೆ ಸಿಕ್ಕ ಗಂಟೂ ಪರದೆಯ ಮೇಲೆ ಕಂಡ ಗಂಟೂ ಒಂದೇ ಎಂದು ಖಚಿತವಾಗಬೇಕು. ಸ್ತನದ ಸ್ಕ್ಯಾನ್‌ನಲ್ಲಿ ತಪ್ಪು ನುಸುಳುವುದು ಹೆಚ್ಚಾಗಿ ಈ ಒಂದು ಜಾಗದಲ್ಲಿ. ಆದ್ದರಿಂದ ಈ ಲೇಖನದಲ್ಲಿ ಹೆಜ್ಜೆಹೆಜ್ಜೆಗೂ ಅದೇ ಪ್ರಶ್ನೆಯನ್ನು ಕೇಳುತ್ತ ಹೋಗುತ್ತೇನೆ: ಬೆರಳು ತೋರಿಸಿದ ಜಾಗಕ್ಕೆ ಉತ್ತರ ಸಿಕ್ಕಿತೇ?

ಹೆಜ್ಜೆ 1: ಗಂಟು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ

ವೈದ್ಯರು ಸ್ತನದ ಮೇಲಿನ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾರೆ. ತೊಟ್ಟು ಮಧ್ಯಬಿಂದು, ನಿಮ್ಮ ಎದುರಿಗೆ ನಿಂತು ನೋಡುವವರ ಕಣ್ಣಿಗೆ ಕಾಣುವಂತೆ ಸುತ್ತಲೂ 12 ಗಂಟೆಗಳು. ಬಲಸ್ತನದಲ್ಲಿ ಮೇಲ್ಭಾಗದ ಹೊರಬದಿ ಸುಮಾರು 10 ಗಂಟೆಯ ದಿಕ್ಕು, ಎಡಸ್ತನದಲ್ಲಿ ಅದೇ ಜಾಗ 2 ಗಂಟೆಯ ದಿಕ್ಕು. ಕನ್ನಡಿಯಲ್ಲಿ ನೋಡಿ ಗುರುತಿಸಿದರೆ ಎಡಬಲ ಅದಲುಬದಲಾಗುತ್ತದೆ. ಗೊಂದಲ ಬೇಡವೆನಿಸಿದರೆ ‘ಬಲಸ್ತನ, ಮೇಲ್ಭಾಗ, ಕಂಕುಳಿನ ಕಡೆ, ತೊಟ್ಟಿನಿಂದ ಮೂರು ಬೆರಳು ದೂರ’ ಎಂದು ಬರೆದುಕೊಂಡರೂ ಸಾಕು. ಮಲಗಿದಾಗ ಸಿಗುತ್ತದೆಯೋ, ಕುಳಿತಾಗ ಮಾತ್ರ ಸಿಗುತ್ತದೆಯೋ ಎಂಬುದನ್ನೂ ಗಮನಿಸಿ. ಈ ಸಣ್ಣ ವಿವರ ಸ್ಕ್ಯಾನ್ ಕೋಣೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಮೊದಲ ಸಲ ಗಮನಕ್ಕೆ ಬಂದದ್ದು ಯಾವಾಗ, ಅಲ್ಲಿಂದೀಚೆಗೆ ದೊಡ್ಡದಾಗಿದೆಯೇ, ಒತ್ತಿದಾಗ ಜರುಗುತ್ತದೆಯೇ ಅಥವಾ ಒಂದೇ ಕಡೆ ಅಂಟಿಕೊಂಡಂತಿದೆಯೇ, ಚರ್ಮ ಒಳಕ್ಕೆ ಎಳೆದುಕೊಂಡಿದೆಯೇ, ತೊಟ್ಟಿನಿಂದ ರಕ್ತ ಅಥವಾ ನೀರಿನಂಥ ಸ್ರಾವ ಇದೆಯೇ, ಜ್ವರ ಇದೆಯೇ ಎಂಬುದನ್ನು ಪಟ್ಟಿ ಮಾಡಿ. ಮನೆತನದ ವಿವರವೂ ಬೇಕು. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಎಂದು ಎಲ್ಲರೂ ಯೋಚಿಸುತ್ತಾರೆ; ಅಪ್ಪನ ಕಡೆಯ ಅಜ್ಜಿ, ಅತ್ತೆಯರನ್ನು ಮರೆತುಬಿಡುತ್ತಾರೆ. ಅಪಾಯ ಹೆಚ್ಚಿಸುವ ವಂಶವಾಹಿ ತಂದೆಯಿಂದಲೂ ಅಷ್ಟೇ ಸುಲಭವಾಗಿ ಬರುತ್ತದೆ. ಬಾಲ್ಯದಲ್ಲೋ ಹರೆಯದಲ್ಲೋ ಎದೆಯ ಭಾಗಕ್ಕೆ ರೇಡಿಯೇಶನ್ ಚಿಕಿತ್ಸೆ ಪಡೆದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಕಾಯಬೇಕೇ? ಮುಟ್ಟಿಗೆ ಮುಂಚಿನ ದಿನಗಳಲ್ಲಿ ಸ್ತನ ಬಿಗಿದು, ಅಲ್ಲಲ್ಲಿ ಗಂಟುಗಂಟಾಗಿ ತಗುಲುವುದು ಸಹಜ. ಅಂಚು ಸ್ಪಷ್ಟವಿಲ್ಲದ, ನೋವಿನ ಬಿಗಿತ ಮಾತ್ರವಾಗಿದ್ದು ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ ಮುಂದಿನ ಮುಟ್ಟು ಮುಗಿದ ಮೇಲೆ ಮತ್ತೊಮ್ಮೆ ಮುಟ್ಟಿ ನೋಡಬಹುದು. ಬೆರಳಿಗೆ ಬೇರೆಯಾಗಿ, ಸ್ಪಷ್ಟವಾಗಿ ಸಿಗುವ ಗಂಟಾದರೆ ಕಾಯುವುದರಿಂದ ಲಾಭವೇನೂ ಇಲ್ಲ. ನೋವಿಲ್ಲ ಎಂಬುದು ಕಾಯಲು ಕಾರಣವಲ್ಲ, ನೋವಿದೆ ಎಂಬುದು ನಿಶ್ಚಿಂತೆಗೆ ಕಾರಣವೂ ಅಲ್ಲ.

ಹೆಜ್ಜೆ 2: ಮೊದಲು ವೈದ್ಯರ ಕೈ, ಆಮೇಲೆ ಯಂತ್ರ

ನೇರವಾಗಿ ಸ್ಕ್ಯಾನ್ ಕೇಂದ್ರಕ್ಕೆ ಹೋಗುವ ಆತುರ ಅರ್ಥವಾಗುವಂಥದ್ದೇ. ಆದರೂ ಮೊದಲು ವೈದ್ಯರೊಬ್ಬರು ಕೈಯಿಂದ ಪರೀಕ್ಷಿಸಬೇಕು. ಗಂಟಿನ ತಪಾಸಣೆ ನಿಂತಿರುವುದು ಮೂರು ಆಧಾರಗಳ ಮೇಲೆ: ಕೈ ಪರೀಕ್ಷೆ, ಚಿತ್ರ ಪರೀಕ್ಷೆ, ಬೇಕಾದರೆ ಸೂಜಿ ಪರೀಕ್ಷೆ. ಈ ಮೂರೂ ಒಂದೇ ಮಾತು ಹೇಳಿದಾಗ ಫಲಿತಾಂಶವನ್ನು ನಂಬಬಹುದು. ಒಂದು ಬೇರೆ ದಾರಿ ಹಿಡಿದರೆ ಮತ್ತೆ ಹುಡುಕಬೇಕಾಗುತ್ತದೆ.

ವೈದ್ಯರು ಬರೆದುಕೊಡುವ ಚೀಟಿಯಲ್ಲಿ ‘ಸ್ತನದ ಸ್ಕ್ಯಾನ್’ ಎಂದಷ್ಟೇ ಇದ್ದರೆ ಸಾಲದು. ಯಾವ ಬದಿ, ಯಾವ ದಿಕ್ಕು, ಎಷ್ಟು ದೊಡ್ಡ ಗಂಟು, ವೈದ್ಯರ ಅನುಮಾನವೇನು ಎಂಬುದು ಅದರಲ್ಲಿರಬೇಕು. ಲಕ್ಷಣವಿಲ್ಲದವರಿಗೆ ಮಾಡುವ ಸಾಮಾನ್ಯ ತಪಾಸಣೆ ಬೇರೆ, ಗಂಟೊಂದನ್ನು ಗುರಿಯಾಗಿಸಿ ಮಾಡುವ ಪರೀಕ್ಷೆ ಬೇರೆ. ಚೀಟಿಯಲ್ಲಿ ಜಾಗ ಬರೆದಿಲ್ಲವೆಂದರೆ ಬರೆದುಕೊಡಿ ಎಂದು ಕೇಳಲು ಸಂಕೋಚ ಬೇಡ.

ಹೆಜ್ಜೆ 3: ಮ್ಯಾಮೋಗ್ರಾಮ್ ಬಿಟ್ಟು ಅಲ್ಟ್ರಾಸೌಂಡ್ ಏಕೆ ಎಂದು ತಿಳಿದುಕೊಳ್ಳಿ

ಮ್ಯಾಮೋಗ್ರಾಮ್ ಎಂದರೆ ಸ್ತನದ ಎಕ್ಸ್-ರೇ. ಅದರಲ್ಲಿ ಕೊಬ್ಬು ಕಪ್ಪಾಗಿ, ಹಾಲಿನ ಗ್ರಂಥಿಗಳ ಅಂಗಾಂಶ ಬಿಳಿಯಾಗಿ ಕಾಣುತ್ತದೆ. ಗಡ್ಡೆಯೂ ಬಿಳಿಯೇ. ಎಳೆಯ ವಯಸ್ಸಿನ ಸ್ತನದಲ್ಲಿ ಗ್ರಂಥಿ ಅಂಗಾಂಶ ಹೆಚ್ಚು, ಕೊಬ್ಬು ಕಡಿಮೆ. ಹಾಗಾಗಿ ಬಿಳಿಯ ನಡುವೆ ಬಿಳಿ ಮರೆಯಾಗುತ್ತದೆ. ಅಲ್ಟ್ರಾಸೌಂಡ್‌ಗೆ ಈ ತೊಡಕು ಇಷ್ಟಿಲ್ಲ. ಅದು ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಒಳಗೆ ಕಳುಹಿಸಿ, ಹಿಂತಿರುಗುವ ಪ್ರತಿಧ್ವನಿಯಿಂದ ಚಿತ್ರ ಬರೆಯುತ್ತದೆ. ಗ್ರಂಥಿ ಅಂಗಾಂಶ ಬೆಳ್ಳಗೆ, ಗಡ್ಡೆ ಸಾಮಾನ್ಯವಾಗಿ ಅದಕ್ಕಿಂತ ಕಪ್ಪಗೆ ಕಾಣುವುದರಿಂದ ದಟ್ಟವಾದ ಸ್ತನದಲ್ಲೂ ಗಂಟು ಎದ್ದು ತೋರುತ್ತದೆ. ನೀರು ತುಂಬಿದ ಚೀಲವೋ ಗಟ್ಟಿ ಗಡ್ಡೆಯೋ ಎಂಬ ಮೊದಲ ಪ್ರಶ್ನೆಗೆ ಇಷ್ಟು ಸುಲಭವಾಗಿ ಉತ್ತರಿಸುವ ಇನ್ನೊಂದು ಸಾಧನವಿಲ್ಲ. 1950ರ ದಶಕದ ಆರಂಭದಲ್ಲೇ ಅಮೆರಿಕದಲ್ಲಿ ಜಾನ್ ವೈಲ್ಡ್ ಮತ್ತು ಜಾನ್ ರೀಡ್ ಎಂಬಿಬ್ಬರು ಸ್ತನದ ಗಂಟುಗಳ ಮೇಲೆ ಶಬ್ದದ ಅಲೆಗಳನ್ನು ಪ್ರಯೋಗಿಸಿ ನೋಡಿದ್ದರು. ಶರೀರದ ಇತರ ಎಷ್ಟೋ ಅಂಗಗಳಿಗಿಂತ ಮೊದಲೇ ಈ ವಿದ್ಯೆ ಸ್ತನಕ್ಕೆ ಬಂದಿತ್ತು.

ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. 30 ವರ್ಷದೊಳಗಿನವರಿಗೆ ಅಲ್ಟ್ರಾಸೌಂಡ್ ಮೊದಲು. 30ರಿಂದ 39ರ ನಡುವೆ ಅಲ್ಟ್ರಾಸೌಂಡ್ ಅಥವಾ ಮ್ಯಾಮೋಗ್ರಾಮ್, ಯಾವುದರಿಂದಲೂ ಆರಂಭಿಸಬಹುದು. 40 ದಾಟಿದವರಿಗೆ ಮ್ಯಾಮೋಗ್ರಾಮ್, ಅದರ ಜೊತೆಗೆ ಅಲ್ಟ್ರಾಸೌಂಡ್. ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಅಲ್ಟ್ರಾಸೌಂಡ್‌ನಿಂದಲೇ ಆರಂಭ.

ಹಾಗೆಂದು ಎಳೆಯ ವಯಸ್ಸಿನವರಿಗೆ ಮ್ಯಾಮೋಗ್ರಾಮ್ ನಿಷಿದ್ಧವೇನಲ್ಲ. ಅಲ್ಟ್ರಾಸೌಂಡ್‌ನಲ್ಲಿ ಅನುಮಾನ ಬಂದರೆ 25ರ ಯುವತಿಗೂ ಮ್ಯಾಮೋಗ್ರಾಮ್ ಮಾಡುತ್ತಾರೆ. ಕ್ಯಾನ್ಸರ್‌ನ ಮೊದಲ ಸುಳಿವಾಗಬಲ್ಲ ಅತಿ ಸಣ್ಣ ಸುಣ್ಣದ ಕಣಗಳನ್ನು ಅಲ್ಟ್ರಾಸೌಂಡ್ ಚೆನ್ನಾಗಿ ಹಿಡಿಯುವುದಿಲ್ಲ. ಅದು ಎಕ್ಸ್-ರೇಯ ಕೆಲಸ. ಅಂಥ ಸಂದರ್ಭದಲ್ಲಿ ‘ಇಷ್ಟು ಚಿಕ್ಕವಳಿಗೆ ವಿಕಿರಣವೇಕೆ’ ಎಂದು ಹಿಂಜರಿಯಬೇಡಿ. ಶಾಖದ ಚಿತ್ರ ತೆಗೆದು ಸ್ತನ ಪರೀಕ್ಷೆ ಮಾಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಿ ಅಲ್ಟ್ರಾಸೌಂಡ್ ಬಿಡುವುದು ಮಾತ್ರ ಬೇಡವೇ ಬೇಡ. ಗಂಟಿನ ತಪಾಸಣೆಗೆ ಅದು ಬದಲಿಯಲ್ಲ.

ಹೆಜ್ಜೆ 4: ಹೋಗುವ ಮುನ್ನ

ಇದಕ್ಕೆ ಉಪವಾಸ ಬೇಕಿಲ್ಲ, ಹೊಟ್ಟೆಯ ಸ್ಕ್ಯಾನ್‌ಗೆ ಹೇಳುವಂತೆ ನೀರು ಕುಡಿದು ಕಾಯಬೇಕಿಲ್ಲ. ಮುಟ್ಟಿನ ಯಾವ ದಿನವಾದರೂ ಆದೀತು. ಸೊಂಟದ ಮೇಲಿನ ಉಡುಪು ಬೇರೆಯಾಗಿ ತೆಗೆಯುವಂತಿದ್ದರೆ ಅನುಕೂಲ. ಹಾಲುಣಿಸುವವರು ಪರೀಕ್ಷೆಗೆ ಸ್ವಲ್ಪ ಮೊದಲು ಮಗುವಿಗೆ ಹಾಲು ಕುಡಿಸಿ ಅಥವಾ ಹಾಲು ತೆಗೆದು ಬಂದರೆ ಚಿತ್ರ ಸ್ಪಷ್ಟವಾಗುತ್ತದೆ. ಹಿಂದೆ ಸ್ಕ್ಯಾನ್ ಆಗಿದ್ದರೆ ವರದಿಯ ಹಾಳೆಯ ಜೊತೆಗೆ ಚಿತ್ರಗಳನ್ನೂ ತನ್ನಿ. ಗಂಟು ಬೆಳೆದಿದೆಯೇ ಎಂದು ಹೇಳಲು ಹಳೆಯ ಚಿತ್ರದಷ್ಟು ನೆರವಾಗುವುದು ಬೇರೊಂದಿಲ್ಲ. ಪರೀಕ್ಷೆ ಮಾಡುವವರು ಪುರುಷರಾಗಿದ್ದರೆ ಕೋಣೆಯಲ್ಲಿ ಮಹಿಳೆಯೊಬ್ಬರು ಇರಲಿ ಎಂದು ಕೇಳಿಕೊಳ್ಳಬಹುದು.

ಹೆಜ್ಜೆ 5: ಸ್ಕ್ಯಾನ್ ಕೋಣೆಯಲ್ಲಿ

ಪರೀಕ್ಷೆ ಹೇಗೆ ನಡೆಯಬೇಕು ಎಂದು ತಿಳಿದಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ, ಏನಾದರೂ ಬಿಟ್ಟುಹೋದರೆ ನಿಮಗೂ ಗೊತ್ತಾಗುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಿಮ್ಮನ್ನು ಅಂಗಾತ ಮಲಗಿಸಿ, ಪರೀಕ್ಷಿಸುವ ಬದಿಯ ಕೈಯನ್ನು ತಲೆಯ ಮೇಲಕ್ಕೆ ಇಡಲು ಹೇಳುತ್ತಾರೆ. ಹೀಗೆ ಮಾಡಿದಾಗ ಸ್ತನ ಎದೆಯ ಮೇಲೆ ಹರಡಿ ತೆಳುವಾಗುತ್ತದೆ, ಅಲೆಗಳು ಆಳದವರೆಗೆ ತಲುಪುತ್ತವೆ. ಗಂಟು ಹೊರಬದಿಯಲ್ಲಿದ್ದರೆ ಬೆನ್ನಿನ ಕೆಳಗೆ ದಿಂಬು ಇಟ್ಟು ಎದುರು ಬದಿಗೆ ಸ್ವಲ್ಪ ವಾಲಿಸುತ್ತಾರೆ. ಒಳಬದಿಯ ಗಂಟಿಗೆ ಅಂಗಾತವೇ ಸರಿ. ಕುಳಿತಾಗ ಮಾತ್ರ ಸಿಗುವ ಗಂಟಾದರೆ ಕುಳಿತೇ ಸ್ಕ್ಯಾನ್ ಮಾಡಬೇಕು. ಅದನ್ನು ಕೇಳಿ ಮಾಡಿಸಿಕೊಳ್ಳಿ.

ಬಳಸುವ ಪ್ರೋಬ್ (ಚರ್ಮದ ಮೇಲಿಟ್ಟು ಅಲೆಗಳನ್ನು ಕಳುಹಿಸುವ ಕೈಸಾಧನ) ಚಪ್ಪಟೆ ಮುಖದ್ದು, ಹೆಚ್ಚು ಆವರ್ತನದ್ದು. ಸಾಮಾನ್ಯವಾಗಿ 12 ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚು. ಆವರ್ತನ ಹೆಚ್ಚಿದಷ್ಟೂ ಸೂಕ್ಷ್ಮ ವಿವರ ಕಾಣುತ್ತದೆ, ಆದರೆ ಅಲೆ ಆಳಕ್ಕೆ ಇಳಿಯುವುದಿಲ್ಲ. ಸ್ತನ ಚರ್ಮಕ್ಕೆ ಹತ್ತಿರವಿರುವ ಅಂಗವಾದ್ದರಿಂದ ಈ ವಿನಿಮಯ ನಮಗೆ ಲಾಭದಾಯಕ. ಹೊಟ್ಟೆಗೆ ಬಳಸುವ ಬಾಗಿದ ಮುಖದ ಪ್ರೋಬ್‌ನ ಆವರ್ತನ ಕಡಿಮೆ. ಅದರಿಂದ ಸ್ತನದ ಸಣ್ಣ ಗಂಟನ್ನು ಅಳೆಯಲು ಹೋಗಬಾರದು.

ಮುಖ್ಯವಾದ ಕ್ಷಣ ಈಗ ಬರುತ್ತದೆ. ಪ್ರೋಬ್ ಇಡುವ ಮುನ್ನ, ಗಂಟು ಎಲ್ಲಿದೆ ಎಂದು ನೀವೇ ಬೆರಳಿನಿಂದ ತೋರಿಸಿ. ಮಲಗಿದ ಭಂಗಿಯಲ್ಲಿ ಗಂಟು ಜರುಗಿರಬಹುದು, ಆದ್ದರಿಂದ ಮತ್ತೆ ಹುಡುಕಿ ತೋರಿಸಿ. ಪರೀಕ್ಷಿಸುವವರು ತಾವೂ ಮುಟ್ಟಿ ಗುರುತಿಸಿ, ಗಂಟನ್ನು ಎರಡು ಬೆರಳುಗಳ ನಡುವೆ ಹಿಡಿದು, ಅದರ ನೇರ ಮೇಲೆಯೇ ಪ್ರೋಬ್ ಇಡಬೇಕು. ಕೆಲವರು ಬೆರಳ ತುದಿಯನ್ನು ಪ್ರೋಬ್‌ನ ಕೆಳಗೆ ತೂರಿಸಿ, ಬೆರಳಿನ ನೆರಳು ಬಿದ್ದ ಜಾಗದಲ್ಲೇ ಗಂಟು ಕಾಣುತ್ತದೆಯೇ ಎಂದು ನೋಡುತ್ತಾರೆ. ಸರಳವಾದ, ಬಹಳ ನಂಬಬಹುದಾದ ಉಪಾಯ ಅದು. ‘ಈಗ ಪರದೆಯ ಮೇಲೆ ಕಾಣುತ್ತಿರುವುದು ನಾನು ತೋರಿಸಿದ ಗಂಟೇ ಅಲ್ಲವೇ?’ ಎಂದು ಕೇಳಿ. ಒಳ್ಳೆಯ ಪರೀಕ್ಷಕರಿಗೆ ಈ ಪ್ರಶ್ನೆ ಬೇಸರ ತರಿಸುವುದಿಲ್ಲ.

ಗಂಟು ಸಿಕ್ಕ ಮೇಲೆ ಅದನ್ನು ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ನೋಡಬೇಕು. ಒಂದೇ ದಿಕ್ಕಿನಲ್ಲಿ ನೋಡಿದರೆ ಕೊಬ್ಬಿನ ಉಂಡೆಯೂ ಗಡ್ಡೆಯಂತೆ ಕಾಣಬಹುದು. ಪ್ರೋಬ್ ತಿರುಗಿಸಿದಾಗ ಅದು ಉದ್ದವಾಗಿ ಸುತ್ತಲಿನ ಕೊಬ್ಬಿನೊಡನೆ ಬೆರೆತುಹೋದರೆ ಗಡ್ಡೆಯಲ್ಲ ಎಂದು ತಿಳಿಯುತ್ತದೆ. ಉದ್ದ, ಅಗಲ, ಆಳ ಮೂರನ್ನೂ ಅಳೆಯಬೇಕು. ಅಳತೆಯ ಗುರುತು ಹಾಕಿದ ಚಿತ್ರವೊಂದು, ಹಾಕದ ಚಿತ್ರವೊಂದು ಉಳಿಸಬೇಕು, ಏಕೆಂದರೆ ಗುರುತಿನ ಚುಕ್ಕೆಗಳು ಅಂಚನ್ನು ಮರೆಮಾಡುತ್ತವೆ. ಗಡಿಯಾರದ ದಿಕ್ಕು ಮತ್ತು ತೊಟ್ಟಿನಿಂದ ಎಷ್ಟು ಸೆಂಟಿಮೀಟರ್ ದೂರ ಎಂಬುದು ಚಿತ್ರದ ಮೇಲೆಯೇ ಬರೆದಿರಬೇಕು.

ಯಂತ್ರದ ಹೊಂದಾಣಿಕೆಯೂ ಫಲಿತಾಂಶವನ್ನು ಬದಲಿಸಬಲ್ಲದು. ಈ ಕೆಲಸ ಕಲಿಯುತ್ತಿರುವ ಓದುಗರಿದ್ದರೆ ಅವರಿಗೆ ಒಂದು ಮಾತು. ಆಳವನ್ನು ಎದೆಯ ಸ್ನಾಯು ಕಾಣುವಷ್ಟಕ್ಕೆ ಇಡಿ, ಶ್ವಾಸಕೋಶ ಅರ್ಧ ಪರದೆ ತುಂಬುವಷ್ಟು ಬೇಡ. ಫೋಕಸ್ ಗಂಟಿನ ಮಟ್ಟದಲ್ಲಿರಲಿ. ಕೊಬ್ಬು ಮಧ್ಯಮ ಬೂದು ಬಣ್ಣದಲ್ಲಿ ಕಾಣುವವರೆಗೆ ಗೇನ್ (ಚಿತ್ರದ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಹೊಂದಾಣಿಕೆ) ಹೊಂದಿಸಿ. ಗೇನ್ ತೀರಾ ಕಡಿಮೆಯಾದರೆ ಗಟ್ಟಿ ಗಡ್ಡೆಯೂ ನೀರಿನ ಚೀಲದಂತೆ ಕಪ್ಪಾಗುತ್ತದೆ. ಹೆಚ್ಚಾದರೆ ನೀರಿನ ಚೀಲದೊಳಗೆ ಇಲ್ಲದ ಕಣಗಳು ತುಂಬುತ್ತವೆ. ಎರಡೂ ತಪ್ಪುಗಳು ದುಬಾರಿ.

ಗಂಟಿನ ಅನುಮಾನ ಗಾಢವಾಗಿದ್ದರೆ ಇಡೀ ಸ್ತನವನ್ನೂ ಆ ಬದಿಯ ಕಂಕುಳನ್ನೂ ನೋಡುವುದು ಅಗತ್ಯ. ಕಂಕುಳಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಸಹಜವಾಗಿ ತೆಳುವಾದ ಕಪ್ಪು ಹೊರಪದರವೂ ನಡುವೆ ಬಿಳಿಯ ಕೊಬ್ಬಿನ ಭಾಗವೂ ಇರುತ್ತದೆ. ಹೊರಪದರ 3 ಮಿಲಿಮೀಟರ್‌ಗಿಂತ ದಪ್ಪವಾದರೆ ಅಥವಾ ನಡುವಿನ ಬಿಳಿಭಾಗ ಮಾಯವಾದರೆ ಗಮನ ಕೊಡಬೇಕು. ಕಂಕುಳಿನಲ್ಲಿ ಗ್ರಂಥಿ ಕಂಡಿತು ಎಂಬ ಮಾತ್ರಕ್ಕೆ ಗಾಬರಿ ಬೇಡ, ಅವು ಎಲ್ಲರಲ್ಲೂ ಇವೆ.

ಹೆಜ್ಜೆ 6: ಪರದೆಯ ಮೇಲೆ ಕಂಡದ್ದನ್ನು ಅರ್ಥ ಮಾಡಿಕೊಳ್ಳುವುದು

ಮೊದಲು ಬರುವುದು ಗಂಟೇ ಅಲ್ಲದ ಗಂಟುಗಳು. ಪಕ್ಕೆಲುಬು, ಪಕ್ಕೆಲುಬಿನ ಮೃದ್ವಸ್ಥಿ, ಗ್ರಂಥಿ ಅಂಗಾಂಶದ ದಪ್ಪನಾದ ಏಣು, ಕೊಬ್ಬಿನ ಉಂಡೆ ಇವೆಲ್ಲ ಬೆರಳಿಗೆ ಗಂಟಿನಂತೆಯೇ ಸಿಗುತ್ತವೆ. ಈಗಷ್ಟೇ ಬೆಳೆಯುತ್ತಿರುವ ಬಾಲಕಿಯಲ್ಲಿ ಒಂದೇ ಬದಿಯ ತೊಟ್ಟಿನ ಕೆಳಗೆ ಸಿಗುವ ಗಟ್ಟಿ ಬಿಲ್ಲೆ ಸ್ತನದ ಮೊಗ್ಗೇ ಆಗಿರಬಹುದು; ಎರಡೂ ಬದಿ ಒಟ್ಟಿಗೇ ಬೆಳೆಯಬೇಕೆಂದಿಲ್ಲ. ಅದಕ್ಕೆ ಸೂಜಿ ಚುಚ್ಚುವುದು, ಕತ್ತರಿಸುವುದು ಖಂಡಿತ ಆಗಬಾರದು, ಮುಂದೆ ಸ್ತನ ಬೆಳೆಯುವುದಕ್ಕೇ ಧಕ್ಕೆಯಾಗುತ್ತದೆ.

ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ. ಒಳಗೆ ಪೂರ್ತಿ ಕಪ್ಪು, ತೆಳುವಾದ ನಯ ಗೋಡೆ, ಹಿಂಭಾಗದಲ್ಲಿ ಬೆಳಕು ಹೆಚ್ಚಿದಂತೆ ಬಿಳುಪು: ಈ ಮೂರೂ ಇದ್ದರೆ ಅದು ಸರಳ ಸಿಸ್ಟ್. ಅದು ಕ್ಯಾನ್ಸರ್ ಅಲ್ಲ, ಆಗಿ ಬದಲಾಗುವುದೂ ಇಲ್ಲ. ನೋವು ಕೊಟ್ಟರೆ ಮಾತ್ರ ಸೂಜಿಯಿಂದ ದ್ರವ ತೆಗೆದರಾಯಿತು. ಒಳಗೆ ಗಟ್ಟಿ ಭಾಗವೂ ದ್ರವವೂ ಬೆರೆತಿದ್ದರೆ, ಗೋಡೆ ದಪ್ಪವಾಗಿದ್ದರೆ ಕಥೆ ಬೇರೆ, ಅದಕ್ಕೆ ಬಯಾಪ್ಸಿ, ಅಂದರೆ ಸೂಜಿಯಿಂದ ಅಂಗಾಂಶ ತೆಗೆದು ನೋಡುವ ಪರೀಕ್ಷೆ, ಬೇಕಾಗುತ್ತದೆ.

ಎಳೆಯ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವ ಗಟ್ಟಿ ಗಡ್ಡೆ ಫೈಬ್ರೊಅಡಿನೋಮ. ಕೈಗೆ ರಬ್ಬರ್ ಗೋಲಿಯಂತೆ, ಒತ್ತಿದರೆ ಜಾರುತ್ತದೆ. ಪರದೆಯ ಮೇಲೆ ಅದು ಮೊಟ್ಟೆಯಾಕಾರ, ನಯವಾದ ಅಂಚು, ಹೆಚ್ಚೆಂದರೆ ಎರಡು ಮೂರು ಮೃದುವಾದ ಅಲೆಗಳು, ಒಳಗೆ ಒಂದೇ ಸಮನಾದ ಬೂದು ಬಣ್ಣ. ಅದರ ಉದ್ದ ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ. ಈ ಕೊನೆಯ ಲಕ್ಷಣ ತುಂಬ ಮುಖ್ಯ. ಸಾಧು (ಕ್ಯಾನ್ಸರ್ ಅಲ್ಲದ) ಗಡ್ಡೆ ಅಂಗಾಂಶದ ಪದರಗಳ ನಡುವೆ ಜಾಗ ಮಾಡಿಕೊಂಡು ಅಡ್ಡಲಾಗಿ ಬೆಳೆಯುತ್ತದೆ. ಕ್ಯಾನ್ಸರ್ ಪದರಗಳನ್ನು ಭೇದಿಸುತ್ತದೆ, ಆದ್ದರಿಂದ ಅಗಲಕ್ಕಿಂತ ಎತ್ತರ ಹೆಚ್ಚಾಗಿ ನಿಂತಂತೆ ಕಾಣಬಹುದು. ಅಂಚು ಮುಳ್ಳುಮುಳ್ಳಾಗಿರುವುದು, ಕೋನಗಳಿರುವುದು, ಮಸುಕಾಗಿರುವುದು, ಆಕಾರ ಅಂಕುಡೊಂಕಾಗಿರುವುದು, ಹಿಂದೆ ಕಪ್ಪು ನೆರಳು ಬೀಳುವುದು, ಒಳಗೆ ಸುಣ್ಣದ ಚುಕ್ಕೆಗಳಿರುವುದು ಇವೆಲ್ಲ ಎಚ್ಚರಿಕೆಯ ಗುರುತುಗಳು.

ಈ ಗುರುತುಗಳನ್ನು ಕ್ರಮಬದ್ಧವಾಗಿ ಒರೆಗೆ ಹಚ್ಚಿದವರು ಥಾಮಸ್ ಸ್ಟಾವ್ರೊಸ್ ಮತ್ತು ಅವರ ಸಹೋದ್ಯೋಗಿಗಳು. 1995ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 750 ಗಟ್ಟಿ ಗಂಟುಗಳಿದ್ದವು. 125 ಕ್ಯಾನ್ಸರ್ ಎಂದು ಸಾಬೀತಾದವು. ಅಲ್ಟ್ರಾಸೌಂಡ್ ‘ಸಾಧು’ ಎಂದು ಹೇಳಿದಾಗ ಆ ಮಾತು ಶೇ 99.5ರಷ್ಟು ಸಲ ನಿಜವಾಗಿತ್ತು. ಈ ಫಲಿತಾಂಶ ಬಂದದ್ದು ಕಟ್ಟುನಿಟ್ಟಾದ ಒಂದು ಪದ್ಧತಿಯಿಂದ: ಮೊದಲು ಕೆಟ್ಟ ಗುರುತುಗಳನ್ನು ಹುಡುಕಬೇಕು; ಒಂದೇ ಒಂದು ಸಿಕ್ಕರೂ ಗಂಟನ್ನು ಸಾಧು ಎನ್ನುವಂತಿಲ್ಲ; ಯಾವುದೂ ಇಲ್ಲವೆಂದ ಮೇಲೆ ಒಳ್ಳೆಯ ಗುರುತುಗಳು ಪೂರ್ತಿಯಾಗಿ ಇವೆಯೇ ಎಂದು ನೋಡಬೇಕು. ರಕ್ತದ ಹರಿವು ತೋರಿಸುವ ಡಾಪ್ಲರ್, ಗಡಸುತನ ಅಳೆಯುವ ಎಲಾಸ್ಟೋಗ್ರಫಿ ನೆರವಿಗೆ ಬರುತ್ತವೆ ನಿಜ. ಎಳೆಯ ವಯಸ್ಸಿನ ಫೈಬ್ರೊಅಡಿನೋಮದಲ್ಲೂ ರಕ್ತನಾಳಗಳು ಧಾರಾಳವಾಗಿರಬಹುದು, ಹಾಗಾಗಿ ಬಣ್ಣದ ಚಿತ್ರ ಕಂಡು ಅಂಜಬೇಕಿಲ್ಲ. ಅಂಚು ಕೆಟ್ಟದಾಗಿದ್ದರೆ ಎಲಾಸ್ಟೋಗ್ರಫಿ ಮೃದು ಎಂದರೂ ಬಯಾಪ್ಸಿ ಬಿಡುವಂತಿಲ್ಲ.

ಬೇಗ ಬೆಳೆಯುವ, ಒಳಗೆ ಸೀಳಿನಂಥ ದ್ರವದ ಜಾಗಗಳಿರುವ ಗಡ್ಡೆ ಫಿಲ್ಲೋಡಿಸ್ ಆಗಿರಬಹುದು. ಇದು ಫೈಬ್ರೊಅಡಿನೋಮದ ವೇಷದಲ್ಲೇ ಬರುತ್ತದೆ, ಸುತ್ತಲಿನ ಅಂಗಾಂಶ ಸಹಿತ ತೆಗೆಯಬೇಕಾಗುತ್ತದೆ. ಹಾಲುಣಿಸುವವರಲ್ಲಿ ಹಾಲು ಕಟ್ಟಿಕೊಂಡ ಚೀಲ, ಕೀವು ತುಂಬಿದ ಬಾವು ಸಾಮಾನ್ಯ. ಕೀವನ್ನು ಅಲ್ಟ್ರಾಸೌಂಡ್ ನೋಡುತ್ತಲೇ ಸೂಜಿಯಿಂದ ಹೀರಿ ತೆಗೆಯಬಹುದು. ಕ್ಷಯ ಮತ್ತು ಇತರ ಕೆಲವು ಉರಿಯೂತಗಳು ಪರದೆಯ ಮೇಲೆ ಕ್ಯಾನ್ಸರ್‌ನಂತೆಯೇ ತೋರುತ್ತವೆ, ಸೂಜಿ ಪರೀಕ್ಷೆ ಇಲ್ಲದೆ ಬಿಡಿಸಿ ಹೇಳುವುದು ಕಷ್ಟ.

ಹೆಜ್ಜೆ 7: ವರದಿಯಲ್ಲಿರುವ ಸಂಖ್ಯೆ

ವರದಿಯ ಕೊನೆಯಲ್ಲಿ ‘ಬೈ-ರಾಡ್ಸ್’ ಎಂಬ ಹೆಸರಿನ ಜೊತೆ ಸಂಖ್ಯೆಯೊಂದು ಇರುತ್ತದೆ. ಇದು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ ಕ್ರಮ. ಅದು ಕ್ಯಾನ್ಸರ್‌ನ ಹಂತವಲ್ಲ. ಈ ಗೊಂದಲದಿಂದ ‘4’ ನೋಡಿ ಕುಸಿದುಹೋದವರು ಎಷ್ಟೋ ಮಂದಿ. ಸಂಖ್ಯೆ ಹೇಳುವುದು ಅನುಮಾನದ ಪ್ರಮಾಣವನ್ನು, ಮುಂದೆ ಮಾಡಬೇಕಾದ್ದನ್ನು.

0 ಎಂದರೆ ಪರೀಕ್ಷೆ ಅಪೂರ್ಣ, ಇನ್ನೂ ಚಿತ್ರಗಳು ಬೇಕು. 1 ಎಂದರೆ ಏನೂ ಕಾಣಲಿಲ್ಲ. 2 ಎಂದರೆ ಕಂಡದ್ದು ಖಂಡಿತ ಸಾಧು, ಸರಳ ಸಿಸ್ಟ್ ಇದ್ದ ಹಾಗೆ. 3 ಎಂದರೆ ಬಹುಶಃ ಸಾಧು. ಕ್ಯಾನ್ಸರ್ ಇರುವ ಸಾಧ್ಯತೆ ಶೇ 2 ಅಥವಾ ಅದಕ್ಕಿಂತ ಕಡಿಮೆ. ಎಲ್ಲ ಒಳ್ಳೆಯ ಗುರುತುಗಳಿರುವ ಫೈಬ್ರೊಅಡಿನೋಮಕ್ಕೆ ಹೆಚ್ಚಾಗಿ ಬರುವ ಸಂಖ್ಯೆ ಇದೇ. 4ರಲ್ಲಿ ಮೂರು ಮೆಟ್ಟಿಲು: 4ಎ ಶೇ 2ರಿಂದ 10, 4ಬಿ ಶೇ 10ರಿಂದ 50, 4ಸಿ ಶೇ 50ರಿಂದ 95. 4ಎ ಬಂದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಹಾಗಿದ್ದೂ ಬಯಾಪ್ಸಿ ಬೇಕು. 5 ಎಂದರೆ ಶೇ 95 ಅಥವಾ ಅದಕ್ಕಿಂತ ಹೆಚ್ಚು. 6 ಎಂದರೆ ಬಯಾಪ್ಸಿಯಲ್ಲಿ ಈಗಾಗಲೇ ಖಚಿತವಾಗಿರುವುದು.

3 ಬಂದರೆ 6, 12 ಮತ್ತು 24 ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸುವುದು ರೂಢಿ. ಎರಡು ವರ್ಷ ಬದಲಾಗದೆ ಉಳಿದರೆ ಅದನ್ನು 2ಕ್ಕೆ ಇಳಿಸುತ್ತಾರೆ. 6 ತಿಂಗಳಲ್ಲಿ ಅಳತೆ ಶೇ 20ಕ್ಕಿಂತ ಹೆಚ್ಚು ಬೆಳೆದರೆ, ಇಲ್ಲವೇ ಅಂಚಿನ ಸ್ವರೂಪ ಬದಲಾದರೆ ಬಯಾಪ್ಸಿ. ಮೊದಲ ಸ್ಕ್ಯಾನ್ ನಂತರ ನೆಮ್ಮದಿಯಾಗಿ, 6 ತಿಂಗಳ ಸ್ಕ್ಯಾನ್‌ಗೆ ಬಾರದೇ ಇರುವುದೇ ಇಲ್ಲಿನ ದೊಡ್ಡ ಅಪಾಯ. ಮತ್ತೆ ಬರಲು ಆಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ, ಅಥವಾ ಕಾಯುವ ಆತಂಕ ತಡೆಯಲಾಗದಿದ್ದರೆ, ಅದನ್ನು ಹೇಳಿ ಈಗಲೇ ಬಯಾಪ್ಸಿ ಮಾಡಿಸಿಕೊಳ್ಳುವುದು ನ್ಯಾಯವಾದ ಆಯ್ಕೆ.

ವರದಿ ಕೈಗೆ ಬಂದಾಗ ಇನ್ನೊಂದನ್ನು ನೋಡಿ. ನೀವು ತೋರಿಸಿದ ಜಾಗದ ಉಲ್ಲೇಖ ಅದರಲ್ಲಿದೆಯೇ? ‘ಕೈಗೆ ಸಿಗುವ ಗಂಟಿನ ಜಾಗದಲ್ಲಿ ಇಂಥದ್ದು ಕಂಡಿದೆ’ ಅಥವಾ ‘ಆ ಜಾಗದಲ್ಲಿ ಏನೂ ಕಂಡಿಲ್ಲ’ ಎಂಬ ವಾಕ್ಯ ಇರಲೇಬೇಕು. ಬಲಸ್ತನದ 10 ಗಂಟೆಯಲ್ಲಿ ಗಂಟು ತೋರಿಸಿದವರ ವರದಿಯಲ್ಲಿ 6 ಗಂಟೆಯ ಸಣ್ಣ ಸಿಸ್ಟ್ ಮಾತ್ರ ಇದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಬಂದಿಲ್ಲ ಎಂದೇ ಅರ್ಥ. ಆ ವರದಿಯನ್ನು ಹಿಂದಿರುಗಿಸಿ ಕೇಳಿ.

ಹೆಜ್ಜೆ 8: ಸೂಜಿ ಪರೀಕ್ಷೆ ಬೇಕೆಂದರೆ

ಎರಡು ಬಗೆಯಿವೆ. ತೆಳು ಸೂಜಿಯಿಂದ ಜೀವಕೋಶಗಳನ್ನು ಹೀರುವ ಎಫ್‌ಎನ್‌ಎಸಿ ಒಂದು, ಅಂಗಾಂಶದ ಸಣ್ಣ ಎಳೆಗಳನ್ನೇ ತೆಗೆಯುವ ಕೋರ್ ಬಯಾಪ್ಸಿ ಇನ್ನೊಂದು. ಗಟ್ಟಿ ಗಡ್ಡೆಗೆ ಕೋರ್ ಬಯಾಪ್ಸಿಯೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಅಂಗಾಂಶದ ರಚನೆ ಹಾಗೆಯೇ ಉಳಿದಿರುತ್ತದೆ; ಕ್ಯಾನ್ಸರ್ ಆಗಿದ್ದರೆ ಚಿಕಿತ್ಸೆಗೆ ಬೇಕಾದ ಹಾರ್ಮೋನ್ ಗ್ರಾಹಕಗಳ ಪರೀಕ್ಷೆಯೂ ಅದರಲ್ಲೇ ಆಗುತ್ತದೆ. ಚರ್ಮಕ್ಕೆ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ 14 ಗೇಜ್ ಸೂಜಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಲೇ ಗಂಟಿನೊಳಗೆ ಕಳುಹಿಸುತ್ತಾರೆ. ಎಳೆ ತೆಗೆಯುವಾಗ ಟಪ್ ಎಂಬ ಜೋರು ಸದ್ದು ಬರುತ್ತದೆ. ಮೊದಲೇ ಕೇಳಿಸಿ ತೋರಿಸಿ ಎಂದರೆ ಬೆಚ್ಚಿಬೀಳುವುದು ತಪ್ಪುತ್ತದೆ. ನಂತರ ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತಾರೆ. ಕೆಲವು ದಿನ ನೀಲಿಗಟ್ಟುವುದು, ನೋಯುವುದು ಸಹಜ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಆ ಭಯದಿಂದ ಬಯಾಪ್ಸಿ ಬಿಟ್ಟವರಿಗೆ ಆಗುವ ಹಾನಿ ಮಾತ್ರ ನಿಜವಾದದ್ದು.

ಫಲಿತಾಂಶ ಬಂದ ಮೇಲೆ ಅದನ್ನು ಸ್ಕ್ಯಾನ್ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಬೇಕು. ಚಿತ್ರದಲ್ಲಿ ಮುಳ್ಳುಮುಳ್ಳಾದ ಗಂಟು, ಪ್ಯಾಥಾಲಜಿ ವರದಿಯಲ್ಲಿ ‘ಸಹಜ ಸ್ತನದ ಅಂಗಾಂಶ’ ಎಂದರೆ ಸೂಜಿ ಗಂಟಿಗೆ ತಾಗಿಲ್ಲ ಎಂದೇ ಭಾವಿಸಿ ಮತ್ತೊಮ್ಮೆ ಮಾಡಬೇಕು. ‘ನನ್ನ ಬಯಾಪ್ಸಿ ಫಲಿತಾಂಶ ಸ್ಕ್ಯಾನ್‌ಗೆ ಹೊಂದುತ್ತದೆಯೇ?’ ಎಂದು ವೈದ್ಯರನ್ನು ಕೇಳಿ. ಫೈಬ್ರೊಅಡಿನೋಮ ಎಂದು ಹೊಂದಿಕೆಯಾಗಿ ಬಂದರೆ ಅದನ್ನು ತೆಗೆಸಲೇಬೇಕೆಂದಿಲ್ಲ. ಬೆಳೆಯುತ್ತಿದ್ದರೆ, ತುಂಬ ದೊಡ್ಡದಾಗಿದ್ದರೆ, ಅಥವಾ ಅದರ ಇರವೇ ನಿಮ್ಮನ್ನು ಕಾಡುತ್ತಿದ್ದರೆ ತೆಗೆಸಬಹುದು.

ಹೆಚ್ಚು ಎಚ್ಚರ ಬೇಕಾದವರು

ಬಿಆರ್‌ಸಿಎ (ಸ್ತನ, ಅಂಡಾಶಯದ ಕ್ಯಾನ್ಸರ್‌ನ ಅಪಾಯಕ್ಕೆ ಸಂಬಂಧಿಸಿದ) ವಂಶವಾಹಿಯ ದೋಷ ಇರುವವರಲ್ಲಿ, ಅದರಲ್ಲೂ ಬಿಆರ್‌ಸಿಎ-1 ಇರುವವರಲ್ಲಿ, ಕ್ಯಾನ್ಸರ್ ಗಂಟು ದುಂಡಗೆ, ನಯವಾದ ಅಂಚಿನೊಡನೆ ಸಾಧು ಗಡ್ಡೆಯಂತೆಯೇ ಕಾಣಬಹುದು. ಬೇರೆಯವರಿಗೆ ‘3, ಆರು ತಿಂಗಳು ನೋಡೋಣ’ ಎನ್ನುವ ಚಿತ್ರಕ್ಕೆ ಇವರಲ್ಲಿ ಬಯಾಪ್ಸಿ ಮಾಡುವುದೇ ವಿವೇಕ. ಮನೆತನದ ವಿವರವೂ ಬೇಕು ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಎದೆಗೆ ರೇಡಿಯೇಶನ್ ಪಡೆದವರಿಗೂ ಇದೇ ಮಾತು ಅನ್ವಯಿಸುತ್ತದೆ.

ಗರ್ಭಿಣಿಯರಲ್ಲಿ, ಬಾಣಂತಿಯರಲ್ಲಿ ಗಂಟನ್ನು ಹಾಲಿನ ಗಂಟೆಂದು ತಳ್ಳಿಹಾಕುವುದು ತೀರಾ ಸುಲಭ. ಎರಡು ವಾರ ಕಳೆದರೂ ಹೋಗದ ಗಂಟನ್ನು ಸ್ಕ್ಯಾನ್ ಮಾಡಿಸಲೇಬೇಕು. ಔಷಧಿಗೆ ಬಗ್ಗದ ಕೆಂಪು ಊತ, ಕಿತ್ತಳೆ ಸಿಪ್ಪೆಯಂತಾದ ಚರ್ಮ ಕಂಡರೆ ಅಷ್ಟು ಕಾಲವೂ ಕಾಯುವುದು ಬೇಡ. ಹಾಲುಣಿಸುವಾಗಲೂ ಬಯಾಪ್ಸಿ ಮಾಡಬಹುದು, ಅದಕ್ಕಾಗಿ ಮಗುವಿಗೆ ಹಾಲು ಬಿಡಿಸಬೇಕಿಲ್ಲ.

ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಗಂಟು ಮಾತ್ರ ಇದೆ

ಇದು ಅಪರೂಪದ ಸನ್ನಿವೇಶವಲ್ಲ. ಕೈಗೆ ಸಿಗುವ ಜಾಗದಲ್ಲಿ ಅಲ್ಟ್ರಾಸೌಂಡ್ ಪೂರ್ತಿ ಸಹಜವಾಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ಬಹಳ ಕಡಿಮೆ, ಶೂನ್ಯವಲ್ಲ. ಆಗ ಮತ್ತೆ ವೈದ್ಯರ ಬಳಿಗೆ ಹೋಗಿ, ಕೈ ಪರೀಕ್ಷೆ ಮಾಡಿಸಿ. ಅವರ ಬೆರಳಿಗೂ ಅದು ಅಂಗಾಂಶದ ಏಣು ಮಾತ್ರ ಎನಿಸಿದರೆ ಒಂದೆರಡು ತಿಂಗಳ ನಂತರ ಮರುಪರೀಕ್ಷೆ ಸಾಕು. ಗಟ್ಟಿಯಾಗಿದೆ, ಜರುಗುವುದಿಲ್ಲ, ಚರ್ಮವನ್ನು ಎಳೆಯುತ್ತಿದೆ ಎನಿಸಿದರೆ ಮ್ಯಾಮೋಗ್ರಾಮ್ ಮಾಡಿಸಬೇಕು, ಅದೂ ಸಹಜವಿದ್ದರೂ ಬೆರಳಿಗೆ ಸಿಗುವ ಜಾಗಕ್ಕೇ ಬಯಾಪ್ಸಿ ಮಾಡಬೇಕು. ಮರುಪರೀಕ್ಷೆಗೆ ಹೋಗುವ ದಿನ ಹಳೆಯ ಚಿತ್ರಗಳನ್ನೂ, ಮೊದಲ ದಿನ ನೀವು ಬರೆದಿಟ್ಟ ದಿಕ್ಕು-ದೂರದ ಟಿಪ್ಪಣಿಯನ್ನೂ ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಮೊದಲು ಸ್ಕ್ಯಾನ್ ಮಾಡಿದ ಕಡೆಗೇ ಹೋಗಿ, ಅದೇ ಭಂಗಿಯಲ್ಲಿ, ಅದೇ ಜಾಗವನ್ನು ಅಳೆಸಿ ಹೋಲಿಸಿ ನೋಡಲು ಹೇಳಿ.